ಕಾವಲು ಕೂತ ಹುಳ

"ನೋಡೇ, ಕೋಸಿನ ಎಲೆಯಡಿ ಹುಳ ಮೊಟ್ಟೆ ಇಟ್ಟು ಕಾಯ್ತಾ ಕೂತಿದೆ. ಉಜ್ಜಿ ಹಾಕು" ಅಂದರು ಚಿಕ್ಕಮ್ಮ. ನಾನು ಉಜ್ಜಿಯೇಬಿಟ್ಟೆ.

ಮೂರು ದಿನವಾಯಿತು, ಆ ಮಾತು ತಲೆಯಿಂದ ಹೋಗುತ್ತಿಲ್ಲ. ಹುಳ ಎಲ್ಲಾದರೂ ಮೊಟ್ಟೆ ಇಡುತ್ತದಾ? ಇಡುವುದು ಚಿಟ್ಟೆ ಅಲ್ವಾ? ಚಿಕ್ಕಮ್ಮನ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಬರುವುದಿಲ್ಲ, ನನಗೆ ಅವರ ಮಾತು ತೆಗೆದುಹಾಕೋಕೆ ಬರುವುದಿಲ್ಲ. ಒಳ್ಳೆ ಜೋಡಿ.

ಎಲೆಕೋಸಿನ ಎಲೆಯಡಿ ಅಕ್ಕಿಕಾಳಿಗಿಂತ ಚಿಕ್ಕ ಹಳದಿ ಉಂಡೆಗಳ ಗುಂಪು. ಮೇಲೆ ಸುಸ್ತಾದ ಹಸಿರು ಹುಳ. ಅವು ಮೊಟ್ಟೆಯಲ್ಲ, ಪರಾವಲಂಬಿ ಕಣಜದ ಗೂಡುಗಳು. ಇರುವೆಯಷ್ಟು ಸಣ್ಣ ಕಣಜ ಎಳೆ ಹುಳದ ಮೈಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ತಿಂದು ಬೆಳೆದು, ಚರ್ಮ ಕೊರೆದು ಹೊರಬಂದು, ರೇಷ್ಮೆ ಸುತ್ತಿಕೊಳ್ಳುತ್ತವೆ. ತನ್ನನ್ನು ತಿಂದವರಿಗೇ ಹುಳ ಸಾಯುವ ತನಕ ಕಾವಲು! 'ಕಾಯ್ತಾ ಕೂತಿದೆ' ಅಂದದ್ದಂತೂ ನಿಜವೇ.

ಅಷ್ಟು ಸಣ್ಣ ಕಣಜಕ್ಕೆ ಹಸಿರು ಎಲೆಯಲ್ಲಿ ಹಸಿರು ಹುಳ ಸಿಕ್ಕಿದ್ದಾದರೂ ಹೇಗೆ? ಗಿಡವೇ ಕರೆದಿತ್ತು, ವಾಸನೆಯಿಂದ. ಎಲೆ ಹರಿದಾಗ ಬರುವ ಹಸಿ ವಾಸನೆ ಮಾತ್ರ ಅಲ್ಲ. 1990ರಲ್ಲಿ ಟರ್ಲಿಂಗ್ಸ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಮೆಕ್ಕೆಜೋಳದ ಸಸಿಗಳಲ್ಲಿ ಇದನ್ನು ತೋರಿಸಿದರು. ಬ್ಲೇಡಿನಲ್ಲಿ ಗೀರಿದರೆ ಸಾಲದು, ಗಾಯಕ್ಕೆ ಹುಳದ ಜೊಲ್ಲು ತಾಗಬೇಕು. ಆಗ ಕೆಲವು ಗಂಟೆಗಳಲ್ಲಿ ಬೇರೆಯೇ ವಾಸನೆ ಏಳುತ್ತದೆ, ಕಣಜ ಅದನ್ನು ಹಿಡಿದು ಬರುತ್ತದೆ. ಹುಳ ಮುಟ್ಟದ ಎಲೆಗಳೂ ಆ ವಾಸನೆ ಬಿಡುತ್ತವೆ. ಜೊಲ್ಲಿನಲ್ಲಿ ಸಿಕ್ಕ ವಸ್ತುವಿಗೆ 1997ರಲ್ಲಿ ವೊಲಿಸಿಟಿನ್ ಅಂತ ಹೆಸರಿಟ್ಟರು. ಎಲೆಕೋಸಿನ ಹುಳದ ಜೊಲ್ಲಲ್ಲಿ ಈ ಕೆಲಸ ಮಾಡುವುದು ಒಂದು ಕಿಣ್ವ. ಹುಳ ಎಷ್ಟೇ ಅಡಗಿ ಕೂರಲಿ, ತಿನ್ನದೆ ಇರೋಕಾಗಲ್ಲ. ಅದರ ಬಾಯೇ ಅದರ ಮೇಲೆ ಚಾಡಿ ಹೇಳುತ್ತದೆ.

ನಿನ್ನೆ ಎಲೆಗೆ ಮೂಗು ತಾಗಿಸಿ ಎಳೆದೆ. ಸುಮ್ನೆ ಕೋಸಿನ ವಾಸನೆ. ಗಿಡ ಕೂಗಿ, ಕಣಜ ಬಂದು, ಎಲ್ಲ ಮುಗಿಯುವ ಹೊತ್ತಿಗೆ ಒಂದು ಹೆಬ್ಬೆರಳು ಬಂದು ಉಜ್ಜಿತು. ಆ ಹೆಬ್ಬೆರಳು ನನ್ನದು ಅನ್ನೋದೇ ಜಾಸ್ತಿ ಚುಚ್ಚುತ್ತಿದೆ. ಔಷಧಿ ಹೊಡೆಯುವವರನ್ನು ಬೈಯುತ್ತಿದ್ದವಳು ನಾನು!

ಇವತ್ತು ಇನ್ನೊಂದು ಎಲೆಯಡಿ ಇನ್ನೊಂದು ಗುಂಪು ಕಂಡಿತು. ಚಿಕ್ಕಮ್ಮ ಹಿಂದೆಯೇ ಬಂದರು. "ಇಲ್ಲೂ ಇಟ್ಟಿದೆಯಲ್ಲೇ!"

"ಬಿಡಿ ಚಿಕ್ಕಮ್ಮ, ಅದು ಮೊಟ್ಟೆ ಅಲ್ಲ."

"ಮತ್ತೇನು?"

ಹೇಳಿದೆ. ನಂಬಲಿಲ್ಲ. ಈಗ ಆ ಎಲೆ ಜಾಲರಿ ಕಟ್ಟಿದ ಬಾಟಲಿಯಲ್ಲಿದೆ. ಹುಳವನ್ನು ತಿಂದ ಆ ಕಣಜವೇ ಬರುತ್ತದೆ ಅಂತ ಬಾಜಿ ಕಟ್ಟೋಕೆ ನನಗೂ ಧೈರ್ಯವಿಲ್ಲ. ಈ ಗೂಡುಗಳಿಗೇ ಮೊಟ್ಟೆ ಇಡುವ ಇನ್ನೊಂದು ಕಣಜವಿದೆ, ಅದೂ ಗಿಡದ ವಾಸನೆ ಹಿಡಿದೇ ಬರುತ್ತದೆ. ಚಿಕ್ಕಮ್ಮ ಮಾತ್ರ ದಿನಕ್ಕೆ ನಾಲ್ಕು ಸಲ ಬಾಟಲಿ ಎತ್ತಿ ನೋಡುತ್ತಿದ್ದಾರೆ.