ಸ್ಟೆಬಿಲೈಜರ್ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಕೊಡಗಿನ ತೋಟದ ಮನೆಗಳಿಗೆ ವೋಲ್ಟೇಜ್ ಕಾಟ ಎರಡು ಹೊತ್ತಿನಲ್ಲಿ ಜಾಸ್ತಿ. ಫೆಬ್ರುವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಮೋಟರ್‌ಗಳು ಒಟ್ಟಿಗೆ ಓಡಿದರೆ ಲೈನಿನ ಕೊನೆಯ ಮನೆಗೆ 170 ವೋಲ್ಟ್ ಬರುವುದುಂಟು. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿಗೆ ತಗುಲಿ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ.

230 ವೋಲ್ಟಿನ ಫ್ರಿಜ್ ಕಂಪ್ರೆಸರಿಗೆ 170 ಕೊಟ್ಟರೆ ಮೋಟರಿನ ತಿರುಗುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಅಂಕಿಗೆ) ತಕ್ಕಂತೆ ಬೀಳುವ ಲೆಕ್ಕ. ಸ್ಟಾರ್ಟ್ ಆಗಲಾರದೆ ಗುಂಯ್ ಎನ್ನುತ್ತಾ ನಿಂತ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ವೈಂಡಿಂಗ್ (ಒಳಗಿನ ತಂತಿ ಸುರುಳಿ) ಕಾದು ಓವರ್‌ಲೋಡ್ ಸ್ವಿಚ್ ಕರೆಂಟು ಕಡಿಯುತ್ತದೆ, ತಣಿದ ಮೇಲೆ ಮತ್ತೆ ಅದೇ ಕಥೆ. ಕೊನೆಗೆ ವೈಂಡಿಂಗಿನ ಇನ್ಸುಲೇಷನ್ನೇ ಸುಟ್ಟುಹೋಗುತ್ತದೆ.

ಸ್ಟೆಬಿಲೈಜರಿನ ಒಳಗಿರುವುದು ಆಟೋ ಟ್ರಾನ್ಸ್‌ಫಾರ್ಮರ್ (ವೋಲ್ಟೇಜ್ ಏರಿಸಿ ಇಳಿಸುವ ಸುರುಳಿ), ಕೆಲವು ರಿಲೇ (ತಾನೇ ಬದಲಾಗುವ ಸ್ವಿಚ್), ಇವನ್ನು ನಡೆಸುವ ಒಂದು ಎಲೆಕ್ಟ್ರಾನಿಕ್ ಬೋರ್ಡ್. ವೋಲ್ಟೇಜ್ ಇಳಿದಾಗ ರಿಲೇ ಟಕ್ ಎಂದು ಸುರುಳಿಯ ಟ್ಯಾಪ್ (ಕವಲು ತಂತಿ) ಬದಲಿಸಿ ಏರಿಸುತ್ತದೆ, ಹೆಚ್ಚಾದಾಗ ಇಳಿಸುತ್ತದೆ, ಮಿತಿ ದಾಟಿದರೆ ಸಪ್ಲೈ ಕಡಿಯುತ್ತದೆ. ನಮ್ಮ ಮಳೆಗಾಲಕ್ಕೆ ಇವೆಲ್ಲಕ್ಕಿಂತ ಮುಖ್ಯ ಅದರ ಟೈಮರ್. ಕರೆಂಟು ಬಂದ ಮೇಲೆ ಸುಮಾರು 3 ನಿಮಿಷ ಕಾಯಿಸಿದರೆ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗಿ ಕಂಪ್ರೆಸರ್ ಹಗುರವಾಗಿ ಹೊರಡುತ್ತದೆ. ಟೈಮರ್ ಇಲ್ಲದ್ದನ್ನು ಕೊಳ್ಳಲೇಬೇಡಿ.

ಅಂಗಡಿಗೆ ಹೋಗುವ ಮುಂಚೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು ಎಸಿ (ಮನೆಯ ಕರೆಂಟಿನ) 750 ವೋಲ್ಟಿಗೆ ಇಟ್ಟು ಫ್ರಿಜ್ಜಿನ ಸಾಕೆಟ್ ನೋಡಿ. ಬೆಳಗ್ಗೆ, ಸಂಜೆ 7ಕ್ಕೆ, ರಾತ್ರಿ 11ಕ್ಕೆ. ಗೀಜರ್ ಹಾಕಿದಾಗ ಮಾತ್ರ 20-30 ವೋಲ್ಟ್ ಕುಸಿದರೆ ಮೊದಲ ಅನುಮಾನ ನಿಮ್ಮದೇ ವೈರಿಂಗಿನ ಮೇಲಿರಲಿ: ಸಣ್ಣ ವೈರ್, ಸಡಿಲ ಜಾಯಿಂಟ್. ಅದಕ್ಕೆ ಸ್ಟೆಬಿಲೈಜರ್ ಮದ್ದಲ್ಲ.

ನೀವು ಕಂಡ ಅತಿ ಕಡಿಮೆ ಅಂಕಿಗಿಂತ ಕೆಳಗಿನಿಂದಲೇ ಕೆಲಸ ಮಾಡುವ ಇನ್‌ಪುಟ್ ರೇಂಜ್ ಆರಿಸಿ. ಒಂದೂವರೆ ಟನ್ ಏರ್ ಕಂಡೀಷನರಿಗೆ ಸಾಮಾನ್ಯವಾಗಿ 4 ಕೆವಿಎ (ವೋಲ್ಟ್ × ಆಂಪಿಯರ್ 4,000) ಸ್ಟೆಬಿಲೈಜರ್ ಹಾಕುತ್ತಾರೆ. ಆದರೆ 140 ವೋಲ್ಟಿನಲ್ಲಿ ಪೂರ್ತಿ 4 ಕೆವಿಎ ಎಳೆದರೆ ಮೇನ್ ಬೋರ್ಡಿನಿಂದ ಬರುವ ವೈರಿನಲ್ಲಿ 28 ಆಂಪಿಯರ್ ಮೀರುತ್ತದೆ. ಹಳೆಯ ಮನೆಯ ತೆಳು ವೈರ್ ಕರಗುವುದು ಇಲ್ಲೇ.

ಸಿಡಿಲಿಗೆ ಸ್ಟೆಬಿಲೈಜರ್ ರಕ್ಷಣೆಯಲ್ಲ. ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ (ದಿಢೀರ್ ನುಗ್ಗುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ), ಒಳ್ಳೆಯ ಅರ್ಥಿಂಗ್ ಬೇಕು. ಥ್ರೀ ಫೇಸ್ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಒಂದು ಫೇಸಿಗೆ 400 ವೋಲ್ಟಿನ ಹತ್ತಿರ ನುಗ್ಗಬಹುದು, ಆಗ ಸ್ಟೆಬಿಲೈಜರೇ ಸುಟ್ಟೀತು. ಅದಕ್ಕೆ ಓವರ್ ವೋಲ್ಟೇಜ್ ಕಟ್ ಮಾಡುವ ರಿಲೇ ಬೇರೆಯೇ ಹಾಕಿಸಿ.