ಮಗು ನೋಡಿತು, ಸರಿ. ಯಾಕೆ ನೋಡಿತು?

ಐದು ತಿಂಗಳ ಮಗುವಿಗೆ ಪ್ರಶ್ನೆ ಕೇಳೋಕಾಗಲ್ಲ, ಎಷ್ಟು ಹೊತ್ತು ನೋಡುತ್ತೆ ಅಂತ ಅಳೀಬಹುದು ಅಷ್ಟೆ. ಒಂದೇ ದೃಶ್ಯ ಮತ್ತೆ ಮತ್ತೆ ತೋರಿಸ್ತಾರೆ. ಮಗು ಸತತ 2 ಸೆಕೆಂಡ್ ಮುಖ ತಿರುಗಿಸಿದ್ರೆ ಒಂದು ಸರದಿ ಮುಗೀತು. ಸತತ ಮೂರು ಸರದಿಗಳ ನೋಟ ಮೊದಲ ಮೂರರ ಅರ್ಧಕ್ಕಿಳಿದ್ರೆ ಬೇಸರ ಬಂತು ಅಂತ ಲೆಕ್ಕ.

1985ರಲ್ಲಿ ರೆನೀ ಬಯಾರ್ಜಾನ್, ಎಲಿಜಬೆತ್ ಸ್ಪೆಲ್ಕಿ, ಸ್ಟ್ಯಾನ್ಲಿ ವಾಸರ್‌ಮನ್ ಎಂಬ ಸಂಶೋಧಕರು ಹೀಗೆ 180 ಡಿಗ್ರಿ ಮಗುಚುವ, ಹಲಗೆಯಂಥ ಪರದೆ ತೋರಿಸಿದರು. ಆಮೇಲೆ ಪರದೆಯ ಹಿಂದೆ ಪೆಟ್ಟಿಗೆ ಇಟ್ಟರು. ಪೆಟ್ಟಿಗೆಗೆ ತಾಗಿ ನಿಂತ ಪರದೆಗಿಂತ, ಪೆಟ್ಟಿಗೆ ಇಲ್ಲವೇ ಇಲ್ಲ ಅನ್ನೋ ಹಾಗೆ ಪೂರ್ತಿ ಮಗುಚಿದ್ದನ್ನೇ ಮಕ್ಕಳು ಹೆಚ್ಚು ಹೊತ್ತು ನೋಡಿದವು. ಅಂದ್ರೆ ಮಕ್ಕಳಿಗೆ ಅಚ್ಚರಿ ಆಯ್ತು, ಮರೆಯಾದ ಪೆಟ್ಟಿಗೆ ಅಲ್ಲೇ ಇದೆ ಅಂತ ಅವಕ್ಕೆ ಗೊತ್ತಿತ್ತು ಅನ್ನೋದು ಅವರ ವಾದ. ಮರೆಯಾದ ವಸ್ತುವನ್ನು ಹುಡುಕೋಕೆ ಎಂಟು ತಿಂಗಳಾದರೂ ಆಗಬೇಕು ಎಂದಿದ್ದ ಮನಶ್ಶಾಸ್ತ್ರಜ್ಞ ಪಿಯಾಜೆಗೆ ನೇರ ಸವಾಲು!

ಆದರೆ ಆ 180 ಡಿಗ್ರಿ ಮಗುವಿಗೆ ಮೊದಲೇ ಪರಿಚಿತ. ಬೇಸರ ಪೂರ್ತಿ ಬಂದಿರದಿದ್ದರೆ ಪರಿಚಿತವಾದದ್ದನ್ನೇ ನೋಡುತ್ತೆ. ಚಲನೆ ಹೆಚ್ಚಿದ್ದರೂ ಸಾಕು. ಸೆಕೆಂಡುಗಳು ಮಗುವಿನದ್ದು, 'ಅಚ್ಚರಿ' ಅನ್ನೋ ಲೇಬಲ್ ನಮ್ಮದು, ಅನ್ಸುತ್ತೆ. ಅದಕ್ಕೇ ಪೆಟ್ಟಿಗೆ ಪಕ್ಕಕ್ಕಿಟ್ಟು ಅದೇ ಎರಡು ಚಲನೆ ನೋಡುವ ಕಂಟ್ರೋಲ್ ಗುಂಪು, ಅಂದ್ರೆ ಹೋಲಿಕೆಗೆ ಇನ್ನೊಂದು ಗುಂಪು, ಬೇಕೇ ಬೇಕು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಅಮ್ಮ ಕಣ್ಣು ಮುಚ್ಚಿರಬೇಕು, ಇಲ್ಲದಿದ್ದರೆ ಅವರ ಮೈ ಸೆಟೆದದ್ದೇ ಸುಳಿವಾಗಿಬಿಡಬಹುದು. ನೋಟ ದಾಖಲಿಸುವವರಿಗೂ ಯಾವ ದೃಶ್ಯ ಓಡ್ತಿದೆ ಅಂತ ಗೊತ್ತಿರಬಾರದು.