ಬರೀ ಮಣ್ಣು ತಾನೇ

ಭಾನುವಾರ ಪಿಂಗಾಣಿ ಕ್ಲಾಸಿನಲ್ಲಿ ಕೇಳಿದ ಮಾತೊಂದು ಇನ್ನೂ ತಲೆಯಿಂದ ಹೋಗಿಲ್ಲ. ನಮಗೆ ಜೇಡಿಮಣ್ಣು ತಂದುಕೊಡುವ ಕುಂಬಾರಜ್ಜ ಮೂಟೆ ಇಳಿಸಿ, ಜೊತೆಗೆ ತಂದಿದ್ದ ಕುಡಿಕೆಗಳನ್ನು ಬಾಗಿಲ ಹತ್ತಿರ ಇಟ್ಟಿದ್ದರು. ನಮ್ಮ ಜೊತೆ ಕಲಿಯೋ ಮೇಡಂ ಒಬ್ಬರು ಒಂದನ್ನು ಎತ್ತಿ ತಿರುಗಿಸಿ, "ಎಂಬತ್ತಾ? ಬರೀ ಮಣ್ಣು ತಾನೇ ಅಜ್ಜಾ?" ಅಂದರು.

"ಹೂಂ ಕಣವ್ವ, ಮಣ್ಣೇ. ನೀವು ಇಲ್ಲೇನು ಕಲೀತೀರ?"

ಕುಟುಕಿದ್ದೋ, ನಿಜವಾಗಿ ಕೇಳಿದ್ದೋ ಗೊತ್ತಾಗಲಿಲ್ಲ. ಮುಖದಲ್ಲಿ ನಗುವಂತೂ ಇರಲಿಲ್ಲ. ಮೇಡಂ ಅರವತ್ತಕ್ಕೆ ಇಳಿಸಿ ತಗೊಂಡರು. ಕೆಟ್ಟವರೇನಲ್ಲ, ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ತರೋರು ಅವರೇ. ಆದರೆ ಕ್ಲಾಸಿನ ಫೀಸು ಕಟ್ಟುವಾಗ ಚೌಕಾಸಿ ಮಾಡಿದ್ದು ನಾನು ನೋಡಿಲ್ಲ.

ಅಂದು ಗ್ಲೇಜ್ ಪಾಠ, ಅಂದರೆ ಸುಟ್ಟಾಗ ಗಾಜಿನ ಹಾಗೆ ಹೊಳೆಯೋ ಲೇಪ ಹಾಕೋದು. ಹೆಬ್ಬೆರಳು ಒತ್ತಿ ಕೈಯಲ್ಲೇ ಮಾಡಿ, ಒಮ್ಮೆ ಸುಟ್ಟ ಬಟ್ಟಲುಗಳು ಸಿದ್ಧವಾಗಿದ್ದವು. ಇಕ್ಕಳದಲ್ಲಿ ಹಿಡಿದು, ಗ್ಲೇಜ್ ಪುಡಿ ನೀರಲ್ಲಿ ಕದಡಿಟ್ಟ ಬಕೆಟ್ಟಿಗೆ ಅದ್ದಿ, ಮೂರು ಎಣಿಸೋದರೊಳಗೆ ಎತ್ತಬೇಕು. ಸುಟ್ಟ ಮಣ್ಣು ನೀರನ್ನು ಹೀರಿಕೊಂಡು ಪುಡಿಯನ್ನು ಮೈಮೇಲೆ ಉಳಿಸಿಕೊಳ್ಳುತ್ತೆ. ಜಾಸ್ತಿ ಹೊತ್ತು ಬಿಟ್ಟರೆ ಪದರ ದಪ್ಪವಾಗಿ, ಸುಡೋ ಗೂಡಿನಲ್ಲಿ ಕರಗಿ ಕೆಳಗೆ ಹರಿಯುತ್ತೆ. ತಳವನ್ನು ಒದ್ದೆ ಸ್ಪಂಜಿನಿಂದ ಒರೆಸಲೇಬೇಕು. ಇಲ್ಲದಿದ್ದರೆ ಗ್ಲೇಜ್ ಗಾಜಾಗಿ, ಬಟ್ಟಲು ಗೂಡಿನೊಳಗಿನ ಹಲಗೆಗೇ ಕಚ್ಚಿಕೊಳ್ಳುತ್ತೆ. ಬಕೆಟ್ಟಿನಲ್ಲಿ ನೋಡಿದರೆ ಮಾಸಲು ಮಜ್ಜಿಗೆ ಥರ ಇರುತ್ತೆ. ಅದರಲ್ಲಿರೋ ತಾಮ್ರಕ್ಕೆ ಸುಡುವಾಗ ಗಾಳಿ ಧಾರಾಳವಾಗಿ ಸಿಕ್ಕರೆ ಹಸಿರು, ಗಾಳಿ ಕಟ್ಟಿದರೆ ಕೆಂಪು. ನಮ್ಮದು ಕರೆಂಟಿನ ಗೂಡು, ಗಾಳಿ ತಿನ್ನೋ ಬೆಂಕಿ ಇಲ್ಲ, ಹಾಗಾಗಿ ಹಸಿರೇ.

ಇಷ್ಟೆಲ್ಲ ಕಲಿಯುವಾಗಲೂ ಅಜ್ಜನ ಪ್ರಶ್ನೆಯೇ ಕಿವಿಯಲ್ಲಿತ್ತು. ನಮ್ಮ ಗೂಡಿಗೆ ಶಾಖ ತೋರಿಸೋ ಮೀಟರ್ ಇದೆ. ಅವರು ಮಡಕೆ ಸುಡೋ ಆವಿಗೆಗೆ ಏನೂ ಇಲ್ಲ, ಹೊಗೆ, ಕೆಂಡದ ಬಣ್ಣ ನೋಡಿಯೇ ಗೊತ್ತು ಮಾಡ್ಕೋತಾರೆ. ಕುಡಿಕೆಗೆ ಗ್ಲೇಜೂ ಇಲ್ಲ, ಬೇಕಾಗೂ ಇಲ್ಲ. ಮಣ್ಣಿನ ಮಡಕೆ ಬೆವರಿದರೇನೇ ಒಳಗಿನ ನೀರು ತಣ್ಣಗಿರೋದು ಅಲ್ವಾ? ಗ್ಲೇಜ್ ಹಾಕಿದರೆ ಚಿತ್ರದುರ್ಗದ ಬೇಸಿಗೆಯಲ್ಲಿ ಅದು ಬರೀ ಶೋಕಿ.

ಇಲ್ಲೇ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಂಪು ಲೇಪ, ಬಿಳಿ ಗೆರೆ ಇರೋ ಹಳೇ ಕಾಲದ ಮಡಕೆ ಚೂರುಗಳು ಸಿಕ್ಕವು. ಅವೂ ಮಣ್ಣೇ. ಆದರೂ ಪಂಡಿತರು ಪುಟಗಟ್ಟಲೆ ಬರೆದರು. ಒಡೆದು ಮಣ್ಣಲ್ಲಿ ಹೂತ ಮೇಲೇ ಮಡಕೆಗೆ ಮರ್ಯಾದೆ ಅಂತ ಕಾಣುತ್ತೆ. ಅಂಗಡಿಯಲ್ಲಿ ಚೀಟಿ ಅಂಟಿಸಿದ ಮಗ್ಗಿಗೆ ಕೇಳಿದಷ್ಟು ಕೊಡ್ತೀವಿ. ಗೋಣಿಚೀಲ ಹಾಸಿ ಕೂತವರ ಹತ್ತಿರ ಮಾತ್ರ ನಮಗೆ ಲೆಕ್ಕ ನೆನಪಾಗುತ್ತೆ.

ಗುರುವಾರ ಗೂಡು ತೆಗೆದರು. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಆ ಮೇಡಂ ಬಟ್ಟಲೇ! ಅಂಚಿನಲ್ಲಿ ಗ್ಲೇಜ್ ತೆಳುವಾಗಿ ಮಣ್ಣಿನ ಕಂದು ಇಣುಕಿತ್ತು, ಒಳಗೆ ಹಸಿರು ಗಟ್ಟಿಯಾಗಿ ಕೂತಿತ್ತು. ಮಾರಿದರೆ ಎಷ್ಟು ಅಂತ ಯಾರೋ ಕೇಳಿದರು.

"ಎಂಟುನೂರಕ್ಕೆ ಕಮ್ಮಿ ಇಲ್ಲ. ಕೈಯಲ್ಲಿ ಮಾಡಿದ್ದಲ್ವಾ!"

ಅಜ್ಜ ಬಂದಾಗ ಅವರ ಕೈಗೇ ಕೊಟ್ಟು ಬೆಲೆ ಕಟ್ಟಿಸೋಣ ಅಂದೆ. ಮೇಡಂ ಬಟ್ಟಲನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು.